ತಳದ ಹೆಸರು ಓದುತ್ತಿದ್ದ ಮಿಸ್ತ್ರಿ

ಮಿಸ್ತ್ರಿಯ ಕೈ ಹೋಯಿತು ಎಂದು ಜೇವರ್ಗಿಯಲ್ಲಿ ಎಲ್ಲರೂ ಅನ್ನುತ್ತಾರೆ. ಹಾಲಿನವನು ಅಂದ, ಔಷಧಿ ಅಂಗಡಿಯವರು ಅಂದರು, ನಮ್ಮ ಅತ್ತೆಯೂ ಅಂದರು. ವಯಸ್ಸಾಯಿತು, ಕೈ ತಪ್ಪಿತು, ಗ್ಯಾರೇಜು ಮುಚ್ಚಿ ನೆಲೋಗಿಯ ಮನೆಯಲ್ಲಿ ಕೂತುಬಿಟ್ಟ, ಪಾಪ. ಆ ಮಾತು ನಿಜವಲ್ಲ. ನಿಜವಲ್ಲ ಎಂದು ಊರಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಹೇಳಲಿಲ್ಲ. ಹೆದರಿದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೇ ಸರಿಬರಲಿಕ್ಕಿಲ್ಲ. ಹೆಸರುಗಳ ಮೇಲೆ ಅವರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ.

ದಿನಾ ಬೆಳಿಗ್ಗೆ ನೆಲೋಗಿಯಿಂದ ಬಸ್ಸಿಗೆ ಬಂದು, ಹೆದ್ದಾರಿಯ ಪಕ್ಕದ ತಗಡಿನ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಡುವಿನ ಗೆರೆಗೆ ಗ್ರೀಸು ಹತ್ತಿ ಅದು ಕಪ್ಪಾಗಿರುತ್ತಿತ್ತು. ಕಾರಿನ ಕೆಳಗೆ ಹೋಗುವ ಮುಂಚೆ ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಎಡಬಗಲಿಗೆ ಸರಿಸಿ, ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಜಾಕಿನ ಮೇಲೆ ಒಂದು ಗಾಡಿಯನ್ನೂ ನಂಬುತ್ತಿರಲಿಲ್ಲ. ಜಾಕು ಕೊಟ್ಟು, ಅದರ ಪಕ್ಕ ಕಟ್ಟಿಗೆಯ ದಿಮ್ಮಿ ಇಟ್ಟು, ಅದರಾಚೆ ಬಿಚ್ಚಿದ ಗಾಲಿಯನ್ನೂ ಮಲಗಿಸಿ, ಆಮೇಲೆ ಕಾರನ್ನು ಕೈಯಿಂದ ಮೂರು ಸಲ ಅಲುಗಿಸಿ ನೋಡಿ, "ಬಸವಾ" ಎಂದು ಒಳಗೆ ಸರಿಯುತ್ತಿದ್ದರು.

"ಇಷ್ಟ್ಯಾಕ ಅಂಜ್ತೀರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

ಕೆಳಗಿನಿಂದ ಧ್ವನಿ ಮಾತ್ರ ಬಂತು. "ಅಂಜೂದು ನನ್ನ ಕಸಬರೀ ಅಕ್ಕಾರ. ಪಾನಾ ಹಿಡದ ನಟ್ಟ ತಿರುವೂದು ಯಾರರ ತಿರುವತಾರ."

ಅವರ ಶೆಡ್ಡಿನ ಕಪಾಟು ಬೇರೆಯವರಂತೆ ಇರಲಿಲ್ಲ. ಸಾಮಾನುಗಳನ್ನು ಕಾರಿನ ಹೆಸರಿನ ಪ್ರಕಾರ ಇಟ್ಟಿರಲಿಲ್ಲ, ಕಂಪನಿಯ ಪ್ರಕಾರವೂ ಅಲ್ಲ. ಪ್ರತಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ. ಹೊಸಬರು ಬಂದು ತಮ್ಮ ಕಾರಿನ ಹೆಸರು ಹೇಳಿದರೆ ಆ ಹೆಸರನ್ನು ಕೇಳಿಸಿಕೊಳ್ಳದವರಂತೆ ಎದ್ದು ಹೋಗಿ ಬಾನೆಟ್ ಎತ್ತಿ, ಒಳಗೆ ಬಡಿದ ಸಣ್ಣ ತಗಡನ್ನು ಒರೆಸಿ ಓದುತ್ತಿದ್ದರು. ಆಮೇಲೆಯೇ ಮಾತು.

"ಕಂಪನ್ಯಾವ್ರು ಒಂದ ಗಾಡಿಗಿ ಎರಡ ಹೆಸರ ಇಡ್ತಾರ್ರಿ. ಹಿಂದ ಬೆಳ್ಳಿ ಅಕ್ಷರದಾಗ ಇರೂದು ನಮಗ, ಕೊಳ್ಳಾವ್ರಿಗಿ. ತಳಕ್ಕ ಬ್ಯಾರೆ ಹೆಸರ ಇರ್ತದ, ಅದು ತಮಗ ತಾವ ಇಟ್ಕೊಂಡದ್ದು, ಈ ತಗಡಿನ್ಯಾಗ ಇರ್ತದ. ಖರೇ ಹೆಸರ ಅದರೀ."

ಅವರು ತಳ ಎನ್ನುತ್ತಿದ್ದುದಕ್ಕೆ ಕಂಪನಿಯವರು ಪ್ಲಾಟ್‌ಫಾರ್ಮ್ ಎನ್ನುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ರೈಲಿನದು. ಕಾರಿನ ನೆಲ, ಗಾಲಿಗಳನ್ನು ಹಿಡಿಯುವ ಜಾಗಗಳು, ಸ್ಟೇರಿಂಗಿನ ಕೀಲು, ಇಂಜಿನ್ ಕೂರುವ ಪೀಠ, ಇದಿಷ್ಟನ್ನೂ ಒಮ್ಮೆ ರೂಪಿಸಿ ಅದರ ಮೇಲೆ ನಾಲ್ಕೈದು ಬಗೆಯ ಕಾರು ಕಟ್ಟುತ್ತಾರೆ. ಒಂದು ಗಿಡ್ಡ, ಒಂದು ಡಿಕ್ಕಿ ಇರುವಂಥದ್ದು, ಒಂದು ಜೀಪಿನಂತೆ ಎತ್ತರ. ತಳಕ್ಕೆ ಹೆಸರಿಡುವ ರೀತಿ ಒಂದೊಂದು ಕಂಪನಿಗೆ ಒಂದೊಂದು. ನಮ್ಮ ಕಾರಿನ ಕಂಪನಿಯದು ಸರಳ. ಅಕ್ಷರ ಗಾತ್ರಕ್ಕೆ, ಅಂಕಿ ಪೀಳಿಗೆಗೆ. ಎನ್ ಫೋರ್ ಎಂದರೆ ಸಣ್ಣ ಗಾಡಿಗಳ ನಾಲ್ಕನೆಯ ತಳ, ಎನ್ ಫೈವ್ ಅದರ ಮುಂದಿನದು.

"ಮುಂದಿನ ಗಾಲಿಯಿಂದ ಕಾಲಿನ ಪೆಡಲ್ ತನಾ ಇರೂ ಅಳತಿ ಅವ್ರು ಮುಟ್ಟಂಗಿಲ್ಲರಿ. ಅದರ ಹಿಂದಿಂದು ಎಳಿತಾರ, ಕುಗ್ಗಸ್ತಾರ, ಮ್ಯಾಲ ಏರಸ್ತಾರ."

ನನಗೆ ತಟ್ಟನೆ ಹೊಳೆಯಿತು. ಕಲಬುರಗಿಯ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹೊಲಿಗೆ ಕಲಿಸುವಾಗ ಬ್ರೌನ್ ಕಾಗದದಲ್ಲಿ ಒಂದೇ ಒಂದು ನಕ್ಷೆ ಕತ್ತರಿಸಿಡುತ್ತಿದ್ದರು. ಹೆಗಲಿನ ಮತ್ತು ಬಗಲಿನ ಅಳತೆ ಬದಲಿಸುವಂತಿಲ್ಲ. ಕೊರಳು, ತೋಳು, ಉದ್ದ ಎಲ್ಲ ನಿಮ್ಮಿಷ್ಟ. ಅದರಿಂದಲೇ ಫ್ರಾಕು, ಅದರಿಂದಲೇ ಕುಪ್ಪಸ. ಹಾಗೆಂದು ಹೇಳಿದಾಗ ಮಿಸ್ತ್ರಿ ಕಾರಿನ ಕೆಳಗಿನಿಂದ ಹೊರಗೆ ಜಾರಿ ಬಂದು ನನ್ನನ್ನು ನೋಡಿದರು. "ಬರೋಬ್ಬರ್! ಮತ್ತ ಇಷ್ಟ ದಿನಾ ಸುಮ್ನ ಕೂತೀರಲ್ರಿ?" ಅಂದಿನಿಂದ ನನ್ನ ಮೇಲೆ ಅವರಿಗೆ ಒಂದು ಬಗೆಯ ಗೌರವ.

ಕೊಳಕೂರಿನ ಗೌಡರೊಬ್ಬರು ಮಗನ ಮದುವೆಗೆಂದು ಎತ್ತರದ ಹೊಸ ಗಾಡಿ ತಂದಿದ್ದರು. ಅದರ ಹಿಂದಿನ ಗಾಲಿಯಲ್ಲಿ ಏನೋ ಸದ್ದು. ಮಿಸ್ತ್ರಿ ತಗಡು ಓದಿ, ಒಳಗೆ ಹೋಗಿ, ಬಾಡಿಗೆ ಟ್ಯಾಕ್ಸಿಗಳಿಗೂ ಸಾಮಾನು ತೆಗೆಯುವ ಹಲಗೆಯಿಂದ ಒಂದು ರಬ್ಬರಿನ ಬಳೆ ತಂದರು. ಗೌಡರ ಮೀಸೆ ನಡುಗಿತು.

"ಲೇ ಮಿಸ್ತ್ರಿ, ನನ್ನ ಗಾಡಿಗಿ ಟ್ಯಾಕ್ಸಿ ಸಾಮಾನ ಹಾಕ್ತಿ?"

"ಗೌಡ್ರ, ನಿಮ್ಮ ಗಾಡಿ ಆ ಟ್ಯಾಕ್ಸಿ ತಮ್ಮ ಅದರೀ. ಒಂದ ತಳದ ಮ್ಯಾಲ ಹುಟ್ಯಾವ."

"ಮದವಿ ಗಾಡಿದೂ ಕುಲಾ ಕೇಳಾಕತ್ತಿ ಏನಲೇ?"

"ಕುಲಾ ಕೇಳೂದ ನಮ್ಮ ಬಸವಣ್ಣ ಬಿಡ್ಸ್ಯಾನ್ರಿ ಗೌಡ್ರ. ನಾ ತಳಾ ಅಷ್ಟ ಕೇಳ್ತೇನಿ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಗೌಡರು ನಗಲಿಲ್ಲ, ಆದರೆ ಗಾಡಿಯ ಸದ್ದು ನಿಂತಿತು. ಮದುವೆಯ ಬುಂದಿ ಲಾಡು ಒಂದು ಪೊಟ್ಟಣ ಆಮೇಲೆ ಶೆಡ್ಡಿಗೆ ಬಂತು.

ಇಂಥ ಮನುಷ್ಯ ಅತಿ ಹೆಚ್ಚು ಹೆದರುತ್ತಿದ್ದದ್ದು ಒಂದೇ ಸಂಗತಿಗೆ. ಬೇರೆ ಬೇರೆ ಹೆಸರಿನ ಎರಡು ಕಾರಿಗೆ ಒಂದೇ ತಳ ಇದ್ದರೆ ಲಾಭವೇ. ಒಂದೇ ಹೆಸರಿನ ಎರಡು ಕಾರಿಗೆ ಬೇರೆ ಬೇರೆ ತಳ ಇದ್ದರೆ? ಹೆಸರು ಚೆನ್ನಾಗಿ ಓಡುತ್ತಿದೆ ಎಂದು ಕಂಪನಿ ಅದೇ ಹೆಸರನ್ನು ಉಳಿಸಿಕೊಂಡು ಕೆಳಗಿನದನ್ನು ಬದಲಿಸುತ್ತದೆ. ಕೆಲವು ತಿಂಗಳು ಹಳೆಯದೂ ಹೊಸದೂ ಕೂಡಿಯೇ ಮಾರಾಟವಾಗುತ್ತವೆ. ನಮ್ಮ ಕಡೆ ಜನ ಸಾಮಾನು ಕೇಳುವುದು ಹೆಸರು ಮತ್ತು ಇಸವಿ ಹೇಳಿ. "ಇಸ್ವಿ ದೊಡ್ಡ ಸುಳ್ಳಬುರಕಿ ಅದರೀ," ಎನ್ನುತ್ತಿದ್ದರು ಮಿಸ್ತ್ರಿ.

ನಮ್ಮ ಯಜಮಾನರು ಆಳಂದದಲ್ಲಿ ಉಪನ್ಯಾಸಕರು, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಅತ್ತೆಯ ಎರಡೂ ಕಿಡ್ನಿ ಸೋತ ಮೇಲೆ ಅವರನ್ನು ವಾರಕ್ಕೆ ಎರಡು ಸಲ ಕಲಬುರಗಿಗೆ ಡಯಾಲಿಸಿಸ್‌ಗೆ ಒಯ್ಯುವ ಕೆಲಸ ನನ್ನದಾಯಿತು. ಹಳೆಯ ಕಾರು ಆ ಓಡಾಟ ತಡೆಯಲಿಲ್ಲ. ಅಫಜಲಪುರದವರೊಬ್ಬರಿಂದ ಬಿಳಿಯ ಕಾರು ಕೊಂಡೆವು. ಅವರು ಅದನ್ನು ಸೋಲಾಪುರದಲ್ಲಿ ಕೊಂಡಿದ್ದರಂತೆ. ನಾನು ಡ್ರೈವಿಂಗ್ ಕಲಿತದ್ದು ನಲವತ್ತರ ಮೇಲೆ. ಎದುರಿಗೆ ಲಾರಿ ಬಂದರೆ ಈಗಲೂ ಉಸಿರು ಹಿಡಿಯುತ್ತೇನೆ, ಭೀಮೆಯ ಸೇತುವೆಯ ಮೇಲೆ ಬಲಕ್ಕೂ ಎಡಕ್ಕೂ ನೋಡುವುದಿಲ್ಲ.

ಎರಡು ತಿಂಗಳಿಗೆ ಎಡಗಡೆಯ ಮುಂದಿನ ಗಾಲಿ ಟಕ್ ಟಕ್ ಎನ್ನತೊಡಗಿತು. ಮಿಸ್ತ್ರಿ ಸಂಜೆ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಅಂಗಳಕ್ಕೆ ಬಂದು ಗಾಲಿ ಹಿಡಿದು ಜಗ್ಗಿದರು. ಗಾಲಿಯನ್ನು ಕಾರಿಗೆ ಹಿಡಿದಿಡುವ ಕಬ್ಬಿಣದ ತೋಳು ಸವೆದಿದೆ, ಬದಲಿಸಬೇಕು ಎಂದರು. ಅಷ್ಟರಲ್ಲಿ ಅವರ ಬಸ್ಸು ಹಾರ್ನ್ ಹೊಡೆಯಿತು.

"ಅಕ್ಕಾರ, ಮುಖಾ ನೋಡಿದ್ರ ಎನ್ ಫೈವ್ ಕಾಣ್ತದ. ಮುಖಾ ನಂಬಬ್ಯಾಡ್ರಿ. ಮುಂಜಾನಿ ಬಾನೆಟ್ ಎತ್ತಿ ತಗಡ ಓದ್ರಿ. ನಾ ಸೀದಾ ಕಲಬುರಗಿಗಿ ಹೋಗಿ ಸಾಮಾನ ತರ್ತೇನಿ."

ಮರುದಿನ ಬೆಳಿಗ್ಗೆ ಅತ್ತೆ ಎರಡು ಸಲ ವಾಂತಿ ಮಾಡಿಕೊಂಡರು. ನನ್ನ ಕೈ ಜೋಳದ ಹಿಟ್ಟಿನಲ್ಲಿತ್ತು. ಫೋನು ಬಂತು, ಹಿಂದೆ ಬಸ್ಸಿನ ಸದ್ದು. "ಓದೀರೇನ್ರಿ?"

ನಾನು ಓದಿರಲಿಲ್ಲ. ಬಾನೆಟ್ ಎತ್ತುವುದೆಂದರೆ ನನಗೆ ಅಂಜಿಕೆ, ಆ ಕಡ್ಡಿ ಸಿಕ್ಕಿಸುವಷ್ಟರಲ್ಲಿ ತಲೆಯ ಮೇಲೆ ಬೀಳುತ್ತದೆ ಎಂದು. ಆರ್‌ಸಿಯಲ್ಲಿ ಹೊಸ ತಳ ಬಂದ ಇಸವಿಯೇ ಇತ್ತು. ಮುಂದಿನ ಜಾಲರಿಯೂ ಹೊಸದರದ್ದೇ. ಅಚ್ಚಾದ ಕಾಗದ ಸುಳ್ಳು ಹೇಳುತ್ತದೆಯೇ?

"ಓದೀನ್ರಿ ಕಾಕಾ. ಎನ್ ಫೈವ್."

ಮಧ್ಯಾಹ್ನ ಸಾಮಾನು ತಂದು ನಮ್ಮ ಅಂಗಳದಲ್ಲಿಯೇ ಕೂರಿಸಿದರು. ಗಾಲಿಯ ಬದಿಯ ಕೆಲಸ, ಬಾನೆಟ್ ತೆಗೆಯಬೇಕಾಗಿರಲಿಲ್ಲ. ಕೊನೆಯ ನಟ್ಟು ಬಿಗಿದು ಹೊರಗೆ ಬಂದವರು ಎದ್ದೇಳಲಿಲ್ಲ, ಕುಕ್ಕರಗಾಲಿನಲ್ಲಿ ಕೂತರು.

"ಭಾಳ ಸಲೀಸ ಕೂತತಲ್ರಿ ಅಕ್ಕಾರ. ಇಷ್ಟ ಸಲೀಸ ಕೂಡೂದಿಲ್ಲ. ಒಂದ ಸಲ ತಗಡ ನೋಡ್ಲಿ?" ಎನ್ನುತ್ತ ಬಾನೆಟ್ಟಿನ ಕಡೆ ಕೈ ಚಾಚಿದರು. ನನ್ನ ಮುಖವನ್ನೇ ನೋಡುತ್ತಿದ್ದರು.

ಆಗ ಹೇಳಬಹುದಿತ್ತು. ನನ್ನ ಸುಳ್ಳು ಹೊರಬೀಳುತ್ತದೆ ಎಂಬ ಒಂದೇ ಭಯಕ್ಕೆ ನಕ್ಕುಬಿಟ್ಟೆ. "ನಾ ಓದೀನಲ್ರಿ ಕಾಕಾ. ನನ್ನ ಮ್ಯಾಲೂ ನಂಬಿಕಿಲ್ಲೇನು?"

ಅವರು ಕೈ ಹಿಂದೆಗೆದುಕೊಂಡರು. "ಛೇ ಛೇ, ತಪ್ಪ ತಿಳೀಬ್ಯಾಡ್ರಿ."

ಬಿಚ್ಚಿದ ಸಾಮಾನನ್ನು ಮಿಸ್ತ್ರಿ ಬಿಸಾಡುತ್ತಿರಲಿಲ್ಲ. ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದು, ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಎಲ್ಲಿ ಸವೆದಿದೆ, ಯಾಕೆ ಸವೆಯಿತು ಎಂದು ತಿರುಗಿಸಿ ತಿರುಗಿಸಿ ನೋಡುವುದು ಅವರ ಪದ್ಧತಿ. ಮರುದಿನವೂ ಹಾಗೆಯೇ ತೊಳೆದಿದ್ದಾರೆ. ಗ್ರೀಸು ಹೋದಮೇಲೆ ಕಬ್ಬಿಣದಲ್ಲಿ ಎರಕ ಹೊಯ್ದ ಅಕ್ಷರ ಕಂಡಿದೆ. ಎನ್ ಫೋರ್. ಸೋಲಾಪುರದಲ್ಲೋ ಎಲ್ಲೋ ಯಾರೋ ಅದೇ ಇಸವಿಯ ಹಳೆಯ ತಳದ ಕಾರಿಗೆ ಹೊಸದರ ಮುಖ ಹಚ್ಚಿ ಮಾರಿದ್ದರು. ಹೊಸ ತೋಳಿನ ತುದಿಯ ಮೊಳೆ ಹಳೆಯದಕ್ಕಿಂತ ಕೂದಲೆಳೆಯಷ್ಟು ಸಣ್ಣದು. ಕೂರುತ್ತದೆ, ನಟ್ಟು ಬಿಗಿಯುತ್ತದೆ, ಆದರೆ ಕಚ್ಚುವುದಿಲ್ಲ. ಗುಂಡಿಗಳ ಹಾದಿಯಲ್ಲಿ ಓಡಿ ಓಡಿ ನಟ್ಟು ಸಡಿಲಾದರೆ ಗಾಲಿ ಅಡ್ಡ ಮಲಗುತ್ತದೆ.

ಅಂದು ಡಯಾಲಿಸಿಸ್‌ನ ದಿನ, ಅತ್ತೆಯನ್ನು ಕೂರಿಸಿಕೊಂಡು ನಾನು ಆಗಲೇ ಹೊರಟಿದ್ದೆ. ಅವರು ನನಗೆ ಎಷ್ಟು ಸಲ ಫೋನು ಮಾಡಿದರೋ. ಕಾರು ಓಡಿಸುವಾಗ ನನ್ನ ಫೋನು ಸದ್ದಿಲ್ಲದೆ ವ್ಯಾನಿಟಿ ಬ್ಯಾಗಿನಲ್ಲಿ ಇರುತ್ತದೆ. ನೆಲೋಗಿಯಿಂದ ಕಲಬುರಗಿಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದೆಯೇ ಹಾಯುತ್ತದೆ. ಕಿಟಕಿಯಿಂದ ನೋಡಿದರೆ ಅಂಗಳ ಖಾಲಿ. ಆಗ ಸೀಟಿನಿಂದ ಎದ್ದು ಡ್ರೈವರನ ಪಕ್ಕ ಹೋಗಿ ನಿಂತರಂತೆ.

ನನಗೆ ಗೊತ್ತಾದದ್ದು ಇಷ್ಟು. ಸೇತುವೆ ಇನ್ನೂ ತುಸು ದೂರ ಇರುವಾಗ ಹಿಂದಿನಿಂದ ಒಂದು ಬಸ್ಸು ಬಿಡದೆ ಹಾರ್ನ್ ಹೊಡೆಯತೊಡಗಿತು. ದಾರಿ ಬಿಟ್ಟೆ. ಅದು ಮುಂದೆ ಹೋಗಿ ಅಡ್ಡ ನಿಂತಿತು. ಬ್ರೇಕ್ ಒತ್ತಿದೆ. ಅತ್ತೆಯ ತಲೆ ಮುಂದಕ್ಕೆ ಬಂತು.

"ಕಣ್ಣ ಕಾಣಂಗಿಲ್ಲೇನ ಆ ಡ್ರೈವರಗ! ಇಳದ ಎರಡ ಬೈದ ಬಾ ಬೇ," ಎಂದರು ಅತ್ತೆ.

ಇಳಿದದ್ದು ಮಿಸ್ತ್ರಿ. ಓಡುತ್ತ ಬಂದರು, ಕಾಲಲ್ಲಿ ಒಂದೇ ಚಪ್ಪಲಿ. ಏನೂ ಹೇಳದೆ ನೆಲಕ್ಕೆ ಮಲಗಿ ಗಾಲಿಯ ಹಿಂದೆ ಕೈ ಹಾಕಿದರು. ನಟ್ಟು ಅವರ ಎರಡು ಬೆರಳಿಗೇ ತಿರುಗಿತು. ಪಾನಾ ಬೇಕಾಗಲಿಲ್ಲ.

ಬಸ್ಸಿನ ಜನ ಸುತ್ತ ಸೇರಿದ್ದರು. ಅವರು ರಸ್ತೆಯ ಮೇಲೆಯೇ ಎದ್ದು ಕೂತರು. ನನ್ನತ್ತ ನೋಡಲಿಲ್ಲ, ಅತ್ತೆಯತ್ತ ಕೈ ಮುಗಿದರು.

"ಯವ್ವಾ, ನನ್ನ ಕೈ ತಪ್ಯಾದ. ತಳಾ ನೋಡ್ದ ಕೂಡಿಸೀನಿ."

ಓದಿರಲಿಲ್ಲ ಎಂದು ನಾನು ಆಗಲೂ ಹೇಳಲಿಲ್ಲ. ಕಂಡಕ್ಟರು ಅತ್ತೆಯನ್ನು ಎತ್ತಿ ಬಸ್ಸಿಗೆ ಹತ್ತಿಸಿದ, ಯಾರೋ ಸೀಟು ಬಿಟ್ಟರು. "ಸಾಯೂದು ತಪ್ಪಿತು, ಸೀಟೂ ಸಿಕ್ತು," ಎಂದು ಅತ್ತೆ ಅಂದಾಗ ಎಲ್ಲರೂ ನಕ್ಕರು. ನಾನೂ ಹತ್ತಿ, ಕಿಟಕಿಯಿಂದ ತಿರುಗಿ ನೋಡಿದೆ. ಮಿಸ್ತ್ರಿ ಚೀಲದಿಂದ ತೊಳೆದ ಹಳೆಯ ತೋಳನ್ನು ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಅದನ್ನೇ ಮತ್ತೆ ಕೂರಿಸಿ, ಗುರುತಿನವರನ್ನು ಕರೆಸಿ, ನಡೆಯುವ ವೇಗದಲ್ಲಿ ಕಾರನ್ನು ನಮ್ಮ ಮನೆಗೆ ಮುಟ್ಟಿಸಿದರು. ಸರಿಯಾದ ಸಾಮಾನು ಎರಡು ದಿನ ಬಿಟ್ಟು ಬಂತು.

ಶನಿವಾರ ನಮ್ಮ ಯಜಮಾನರು ಶೆಡ್ಡಿಗೆ ಹೋದರು. ನಾನೂ ಜೊತೆಗಿದ್ದೆ. "ನಿಮ್ಮನ್ನ ನಂಬಿ ನಮ್ಮ ಅವ್ವನ್ನ ಕೂಡಿಸಿ ಕಳಸ್ತೀವಿ. ವಯಸ್ಸಾಗಿದ್ರ ಬಿಟ್ಟಬಿಡ್ರಿ," ಎಂದರು. ಮಿಸ್ತ್ರಿ, "ಹೌದ್ರಿ ಸರ್," ಎಂದರು. ಇನ್ನೊಮ್ಮೆ, "ಹೌದ್ರಿ." ನಾನು ಸೆರಗಿನ ತುದಿಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದೆ. ಬೆರಳಿನ ತುದಿ ನೀಲಿಯಾಗುವವರೆಗೂ ಸುತ್ತಿದೆ. ನನ್ನ ಸುಳ್ಳಿನಿಂದ ಅತ್ತೆ ಸಾಯುತ್ತಿದ್ದರು ಎಂದು ಅವರ ಮಗನ ಮುಂದೆ ಹೇಗೆ ಹೇಳುವುದು?

ಅದಾದ ಮೇಲೆ ಮಿಸ್ತ್ರಿ ಕೆಲಸ ಮಾಡಲಾರದೆ ಹೋದರು. ಗಾಡಿ ಬಂದರೆ ತಗಡು ಓದುವುದು, ಚೀಟಿಯಲ್ಲಿ ಬರೆದುಕೊಳ್ಳುವುದು, ಮತ್ತೆ ಹೋಗಿ ಓದುವುದು, ಕೊನೆಗೆ "ಬ್ಯಾರೆ ಕಡಿ ತೋರಸ್ರಿ" ಎಂದು ಕಳಿಸಿಬಿಡುವುದು. ತಾವು ನೋಡಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಾನು ಓದಿದ್ದು ನಿಜ, ನಾನು ಹೇಳಿದ್ದನ್ನು ತಾವೇ ತಪ್ಪು ಕೇಳಿಸಿಕೊಂಡೆವೇನೋ ಎಂಬ ಅನುಮಾನ ಅವರನ್ನು ತಿನ್ನುತ್ತಿತ್ತು ಎಂದು ಔಷಧಿ ಅಂಗಡಿಯವರಿಂದ ತಿಳಿಯಿತು. ಕಿವಿ ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದು ಅವರಲ್ಲಿ ಕೇಳಿದ್ದರಂತೆ. ಒಂದು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ.

ಆ ಕಿವಿಯ ಮಾತು ಕೇಳಿದ ಮೇಲೆ ಮುಚ್ಚಿಡಲಾಗಲಿಲ್ಲ. ಮೊದಲು ಯಜಮಾನರಿಗೆ ಹೇಳಿದೆ. ಅವರು, "ನನ್ನ ಕೈಲೆ ಆ ಮನುಷ್ಯಾಗ ಬೈಸಿದಿ," ಎಂದರು. ಈಗಲೂ ಅವರು ಆ ವಿಷಯ ಬಂದರೆ ಎದ್ದು ಹೋಗುತ್ತಾರೆ.

ಹೋದ ವಾರ ಒಬ್ಬಳೇ ಕಾರು ತೆಗೆದುಕೊಂಡು ನೆಲೋಗಿಗೆ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ತೊಗರಿಕಟ್ಟಿಗೆಯ ಪೊರಕೆ ಕಟ್ಟುತ್ತಿದ್ದರು. ಹಣೆಯ ವಿಭೂತಿ ಮೂರೂ ಗೆರೆ ಬೆಳ್ಳಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಕೂರಿ ಎನ್ನುವ ಮುಂಚೆಯೇ ಹೇಳಿಬಿಟ್ಟೆ. ಓದಿರಲಿಲ್ಲ, ಫೋನಿನಲ್ಲಿ ಹೇಳಿದ್ದು ಸುಳ್ಳು, ಅಂಗಳದಲ್ಲಿ ಹೇಳಿದ್ದೂ ಸುಳ್ಳು.

ಪೊರಕೆ ಕಟ್ಟುವ ಕೈ ನಿಂತಿತು.

"ಎರಡ ಸಲ ಕೇಳಿದ್ದೆ."

"ಹೌದ್ರಿ ಕಾಕಾ."

"ಎರಡನೇ ಸಲ ಮುಖಾ ನೋಡಿ ಕೇಳಿದ್ದೆ."

"ಹೌದ್ರಿ."

ಅವರ ಹೆಂಡತಿ ಮೆಟ್ಟಿಲಿಳಿದು ಬಂದರು. "ಕಿವಿ ಹೋಗ್ಯಾವ ಅಂತ ಈ ಮನಷ್ಯಾ ಒಂದ ವಾರ ದವಾಖಾನಿ ತಿರಗ್ಯಾನ ಬೇ! ಎದ್ದರ ಕೂತರ ತನ್ನಷ್ಟಕ ತಾನ ಫೋರ್, ಫೈವ್, ಫೋರ್, ಫೈವ್ ಅಂತ ಹಲಬತಾನ. ಕಲತಾಕಿ ಅಂತ, ಕಾನ್ವೆಂಟಿನ್ಯಾಕಿ!"

ನಾನು ತಲೆ ತಗ್ಗಿಸಿದೆ. ಹೊಡೆದಿದ್ದರೂ ನಿಂತಿರುತ್ತಿದ್ದೆ.

ಮಿಸ್ತ್ರಿ ಎದ್ದರು. ಸಿಟ್ಟಿನಲ್ಲಿ ಅವರ ದವಡೆ ಅಲ್ಲಾಡುತ್ತಿತ್ತು, ಅದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಗಾಡಿ ತಂದೀರಿ? ಬಾನೆಟ್ ಎತ್ತರಿ."

ಎತ್ತಿದೆ. ಕಡ್ಡಿ ಸಿಕ್ಕಿಸುವಾಗ ಎರಡು ಸಲ ಜಾರಿತು. ಅವರು ಹತ್ತಿರ ಬರಲಿಲ್ಲ, ಬೇವಿನ ಗಿಡದ ಹತ್ತಿರ ಆಚೆ ಮುಖ ಮಾಡಿ ನಿಂತರು. ಸೆರಗಿನಿಂದ ತಗಡನ್ನು ಒರೆಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದೆ.

"ಈಗ ಹಿಂದಿನಿಂದ ಮುಂದಕ್ಕ ಓದ್ರಿ."

"ಯಾಕ್ರಿ?"

"ಮುಂದಿನಿಂದ ಓದಿದ್ರ ಕಣ್ಣ ತನಗ ಬೇಕಾದದ್ದ ಓದ್ತದ. ಓದ್ರಿ."

ಕೊನೆಯ ಅಂಕಿಯಿಂದ ಹಿಂದಕ್ಕೆ ಬಂದೆ. ತಪ್ಪಿದೆ. ಮತ್ತೆ ಮೊದಲಿನಿಂದ ಓದಿಸಿದರು. ಮೂರನೆಯ ಸಲ ಬೆರಳು ಆ ಜಾಗಕ್ಕೆ ಬಂದಾಗ, "ಫೋರ್. ಎನ್," ಎಂದೆ. ತಿರುಗಿ ನೋಡಿದರೆ ಅವರು ಈ ಕಡೆ ತಿರುಗಿದ್ದರು, ಕಣ್ಣು ಮುಚ್ಚಿಕೊಂಡಿದ್ದರು.

ಆಮೇಲೆ ಬಂದು, ನನ್ನನ್ನು ದಾಟಿ, ಎಡಗಡೆಯ ಗಾಲಿಯ ಮುಂದೆ ಕೂತರು. ಮೇಲೊಂದು ಕೆಳಗೊಂದು ಕೈ ಹಿಡಿದು ಜಗ್ಗಿದರು. "ಯಾರ ಬಿಗದಾರ ಇದನ್ನ?"

"ನಿಮ್ಮ ಶೆಡ್ ಮುಚ್ಚಿದ ಮ್ಯಾಲ ಮತ್ತ ಸದ್ದ ಬಂದಿತ್ರಿ. ಹೊಸ ಬಸ್‌ಸ್ಟ್ಯಾಂಡಿನ ಹತ್ರದವ್ರು, ಹೋದ ತಿಂಗಳ."

"ತಗಡ ಓದಿದ್ರಾ ಅವ್ರು?"

"ಇಲ್ರಿ. ಇಸ್ವಿ ಕೇಳಿದ್ರು."

ಅವರು ಹೆಂಡತಿಯ ಕಡೆ ತಿರುಗಿದರು. "ಏ, ಅಟ್ಟದ ಮ್ಯಾಲಿನ ಪಾನಾ ಚೀಲ ಕೊಡ."

"ಈಕಿ ಗಾಡಿಗಿ?"

"ಈಕಿ ಗಾಡಿಗೇ. ನಾಳಿ ಆ ಮುದುಕಿನ್ನ ಕೂಡ್ಸಕೊಂಡ ಹೊಳಿ ದಾಟತಾಳ."

ಆಕೆ ಚೀಲ ತಂದು ನನ್ನ ಕಾಲ ಮುಂದೆ ಧೊಪ್ಪನೆ ಒಗೆದು ಒಳಗೆ ಹೋದರು. ಕಬ್ಬಿಣ ಝಣಲೆಂದಿತು. ನಾನು ಬಗ್ಗಿ ಎರಡೂ ಕೈಯಲ್ಲಿ ಎತ್ತಿದೆ, ಬಹಳ ಭಾರವಿತ್ತು. ಮಿಸ್ತ್ರಿ ಆಗಲೇ ಕರಡಿಗೆಯನ್ನು ಬಗಲಿಗೆ ಸರಿಸಿ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು.